ಡೈನೋಸಾರ್ ಮರಳಿನಲ್ಲಿ ಅತ್ತೆಯ ಕರಡಿಗೆ

ನಮ್ಮ ಕಡೆ ರೈಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ನಾಲ್ಕೂ ತಾಲೂಕು ಜಾಲಾಡಿದರೂ ಒಂದು ಹಳಿ ಕಣ್ಣಿಗೆ ಬೀಳುವುದಿಲ್ಲ. ಚುನಾವಣೆಗೊಮ್ಮೆ ರೈಲು ಬರುತ್ತದೆ, ಮತ ಎಣಿಸುವ ಹೊತ್ತಿಗೆ ಹೊರಟುಹೋಗಿರುತ್ತದೆ. ಹಾಗಾಗಿ ನಮ್ಮೂರಿಗೆ ರೈಲು ಬರುವುದೇ ಇಲ್ಲ ಎಂದರೂ ಸುಳ್ಳಾದೀತು. ಏಳು ವರ್ಷದ ನನ್ನ ಮಗಳ ಪಾಲಿಗೆ ರೈಲೂ ಡೈನೋಸಾರೂ ಒಂದೇ ಜಾತಿಯವು. ಎರಡನ್ನೂ ಅವಳು ನೋಡಿದ್ದು ಮೊಬೈಲಿನಲ್ಲಿ ಮಾತ್ರ.

ಬೇಸಿಗೆ ರಜೆ ಮುಗಿಯುತ್ತ ಬಂದಾಗ ಹುಬ್ಬಳ್ಳಿಯ ಒಂದು ಮೈದಾನಕ್ಕೆ ಡೈನೋಸಾರ್ ಪ್ರದರ್ಶನ ಬಂತು. ರಬ್ಬರಿನವು, ಆದರೆ ಕುತ್ತಿಗೆ ಅಲ್ಲಾಡಿಸುತ್ತವಂತೆ, ಬಾಯಿ ತೆರೆದು ಗರ್ಜಿಸುತ್ತವಂತೆ. ಮಗಳ ಗೆಳತಿಯೊಬ್ಬಳು ನೋಡಿ ಬಂದು ವರದಿ ಒಪ್ಪಿಸಿದ ಮೇಲೆ ನಮ್ಮ ಮನೆಯಲ್ಲಿ ಬೇರೆ ಮಾತೇ ಉಳಿಯಲಿಲ್ಲ. ಬಸ್ಸಿನಲ್ಲಿ ಕಿತ್ತೂರಿನ ಮೇಲೆ ಹಾಯ್ದು ಧಾರವಾಡ, ಅಲ್ಲಿಂದ ಹುಬ್ಬಳ್ಳಿಗೆ ರೈಲು ಎಂದು ನಾನು ಗೊತ್ತು ಮಾಡಿದೆ. ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಗಂಡ, ಬಿತ್ತನೆಯ ಹಂಗಾಮು, ತಾನು ಬರುವುದಿಲ್ಲ ಅಂದವನು, ಸಲಹೆ ಕೊಡುವುದನ್ನು ಮಾತ್ರ ಬಿಡಲಿಲ್ಲ.

"ಧಾರವಾಡದಾಗ ನಿಂತಲ್ಲೆ ಬಸ್ ಸಿಗತಾವ. ರೈಲಿಗೆ ಯಾಕ ಕಾಯ್ತೀರಿ?"

"ಕಾಯಾಕ ಹೊಂಟೇವಿ" ಎಂದು ನಾನು ಬಾಯಿ ಮುಚ್ಚಿಸಿದೆ.

ನಮ್ಮ ಜೊತೆ ಹೊರಟವಳು ಅತ್ತೆ. ಅತ್ತೆ ಎಂದರೆ ನನ್ನ ಅಪ್ಪನ ಸ್ವಂತ ಅಕ್ಕ. ಹೂಲಿಯಲ್ಲಿ ಹುಟ್ಟಿ ಚಚಡಿಗೆ ಕೊಟ್ಟ ಹೆಣ್ಣು. ಅವಳ ಮಗನನ್ನೇ ನಾನು ಮದುವೆಯಾದದ್ದು. ಲಂಗ ಹಾಕುತ್ತಿದ್ದಾಗಿನಿಂದ "ನೀ" ಎಂದು ಕರೆದವಳನ್ನು ತಾಳಿ ಬಿದ್ದ ಮಾತ್ರಕ್ಕೆ "ನೀವು" ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ. ಅವಳೂ ಹೊರಳಲಿ ಎಂದು ಬಯಸಲಿಲ್ಲ. ಹೊಲ ಚಚಡಿಯಲ್ಲೂ ಅಂಗಡಿ ಬೈಲಹೊಂಗಲದಲ್ಲೂ ಇರುವುದರಿಂದ ಅವಳ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ. ನಾವಿಬ್ಬರೂ ದಿನಾ ಜಗಳವಾಡುತ್ತೇವೆ, ದಿನಾ ಒಂದೇ ಪರಾತದಲ್ಲಿ ಹಿಟ್ಟು ನಾದುತ್ತೇವೆ.

ಅವಳ ಕೊರಳಲ್ಲಿ ಬೆಳ್ಳಿಯ ಕರಡಿಗೆ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ದೊಡ್ಡದು, ಮೊಟ್ಟೆಯ ಆಕಾರದ್ದು. ಅದರೊಳಗೆ ಅವಳ ಇಷ್ಟಲಿಂಗ, ಅವಳು ಹಾಲು ಕುಡಿಯುವ ಕೂಸಾಗಿದ್ದಾಗ ಸ್ವಾಮಿಗಳು ಕಟ್ಟಿದ್ದು. ಬೆಳಿಗ್ಗೆ ಸ್ನಾನವಾದ ಮೇಲೆ ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ. ಆಮೇಲೆ ಏನೇ ತಿನ್ನಲಿ, ಕುಡಿಯಲಿ, ಮೊದಲು ಲಿಂಗಕ್ಕೆ ತೋರಿಸಬೇಕು. ಚಹಾವನ್ನು ಕೂಡ ತೋರಿಸದೆ ಅವಳು ತುಟಿಗಿಟ್ಟದ್ದನ್ನು ನಾನು ಕಂಡಿಲ್ಲ. ನನ್ನ ಲಿಂಗ ದೇವರ ಜಗಲಿಯ ಮೇಲೆ ಡಬ್ಬಿಯಲ್ಲಿದೆ. ಮದುವೆಗೋ ಮಣ್ಣಿಗೋ ಹೋಗುವಾಗ ಕೊರಳಿಗೆ ಬರುತ್ತದೆ. "ನಿನ್ನ ಲಿಂಗ ರಿಟೈರ್ ಆಗಿ ಕುಂತೈತಿ" ಎಂದು ಅತ್ತೆ ಚುಚ್ಚುತ್ತಾಳೆ. ಮಗಳು ಮಾತ್ರ ದಿನಾ ಬೆಳಿಗ್ಗೆ ಆಯಿಯ, ಅಂದರೆ ಅಜ್ಜಿಯ, ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ, ಎಡಗೈಯಲ್ಲಿ ತನ್ನ ಹಸಿರು ಪ್ಲಾಸ್ಟಿಕ್ ಡೈನೋಸಾರ್ ಇಟ್ಟುಕೊಂಡು, ಅದರ ಹಣೆಗೆ ವಿಭೂತಿ ಹಚ್ಚಿ ಕಣ್ಣು ಮುಚ್ಚುತ್ತಾಳೆ. ನಾನು ಗದರಿದರೆ ಅತ್ತೆ ಅಡ್ಡ ಬರುತ್ತಾಳೆ: "ಇರ್ಲಿ ಬಿಡ. ಮೊದ್ಲ ಕೈ ಹಿಡಿಯೂದು ಕಲೀಲಿ. ಕೈಯಾಗ ಏನ ಇಡಬೇಕನ್ನೂದು ಆಮ್ಯಾಲ."

ನಮ್ಮ ಮನೆತನದಲ್ಲಿ ಒಂದು ಕಥೆ ಇದೆ. ಅತ್ತೆಯ ಅಜ್ಜಿ ಹೂಲಿಯಲ್ಲಿ ನೀರು ಸೇದುವಾಗ ದಾರ ಹರಿದು ಲಿಂಗ ಬಾವಿಗೆ ಬಿತ್ತಂತೆ. ಓಣಿಯವರೆಲ್ಲ ಸೇರಿ ಬಾವಿಯ ನೀರು ಬಳಿದು ತೆಗೆದು ಲಿಂಗ ಮೇಲೆ ತರುವ ತನಕ ಆಕೆ ಬಾವಿಕಟ್ಟೆ ಬಿಟ್ಟು ಏಳಲಿಲ್ಲವಂತೆ, ಒಂದು ಹನಿ ನೀರು ಮುಟ್ಟಲಿಲ್ಲವಂತೆ. ಲಿಂಗ ಕಳೆದವರು ಅದು ಸಿಗುವ ತನಕ ಉಪವಾಸ ಇರಬೇಕು ಎಂಬುದು ಹಳಬರ ಕಟ್ಟು. ಆ ಕಥೆಯನ್ನು ಅತ್ತೆ ಹೇಳುವಾಗ ಅವಳ ಮುಖಕ್ಕೆ ಒಂದು ಹೊಳಪು ಬರುತ್ತದೆ. ಸಣ್ಣವಳಿದ್ದಾಗ ನಾನೂ ಬಾಯಿ ತೆರೆದು ಕೇಳಿದ್ದೇನೆ. ಆದರೆ ಹೂಲಿಯ ಆ ಅಜ್ಜಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಅತ್ತೆಗೆ ಇದೆ.

ಬೆಳಿಗ್ಗೆ ಒಂದು, ಸಂಜೆ ಒಂದು ಇನ್ಸುಲಿನ್. ಚುಚ್ಚುವವಳು ನಾನು. ಚುಚ್ಚಿದ ಮೇಲೆ ಊಟ ತಡವಾಗಬಾರದು, ಬೆವರಿ ಕೈಕಾಲು ನಡುಗಿದರೆ ಕೂಡಲೇ ಬಾಯಿಗೆ ಸಕ್ಕರೆ ಹಾಕಬೇಕು, ಇಲ್ಲವಾದರೆ ಎಚ್ಚರ ತಪ್ಪುತ್ತದೆ, ಜೀವಕ್ಕೇ ಬರಬಹುದು ಎಂದು ಡಾಕ್ಟರು ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು. ಅಂದಿನಿಂದ ನನ್ನ ಚೀಲದಲ್ಲಿ ಗ್ಲುಕೋಸ್ ಪುಡಿಯ ಪೊಟ್ಟಣ ತಪ್ಪಿದ್ದಿಲ್ಲ.

ಅತ್ತೆಗೆ ಬಸ್ಸು ಆಗಿಬರುವುದಿಲ್ಲ. ತಿಂದು ಹತ್ತಿದರೆ ಕಿತ್ತೂರು ಬರುವುದರೊಳಗೆ ತಿಂದದ್ದೆಲ್ಲ ಹೊರಗೆ. ಹಾಗಾಗಿ ಅಂದು ನಸುಕಿನಲ್ಲೇ ಪೂಜೆ ಮುಗಿಸಿ, ಲಿಂಗಕ್ಕೆ ತೋರಿಸಿ ಅರ್ಧ ಬಟ್ಟಲು ಸಪ್ಪೆ ಚಹಾ ಕುಡಿದಳು. "ಇಂಜೆಕ್ಷನ್ನು, ಊಟಾ ಎರಡೂ ಹುಬ್ಬಳ್ಳ್ಯಾಗ" ಎಂದಳು. ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ, ಒಂದು ಡಬ್ಬಿ ಮೊಸರು ಬುತ್ತಿ ಕಟ್ಟಿದೆವು. ಇಂಜೆಕ್ಷನ್ನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ಸ್ಟೀಲ್ ಗ್ಲಾಸಿನೊಳಗಿಟ್ಟೆ.

ಧಾರವಾಡ ಸ್ಟೇಷನ್ನಿನಲ್ಲಿ ರೈಲು ಬಂದು ನಿಂತಾಗ ಮಗಳು ಅದರ ಡಬ್ಬಿಗೆ ಕೈ ಹಚ್ಚಿ ನೋಡಿದಳು, ಎಮ್ಮೆಯ ಮೈ ಮುಟ್ಟಿ ನೋಡುವ ಹಾಗೆ. ಹುಬ್ಬಳ್ಳಿ ಬರುವ ತನಕ ಕಿಟಕಿಯ ಸರಳಿಗೆ ಮೂಗು ಒತ್ತಿದವಳು ತೆಗೆಯಲಿಲ್ಲ. ಇಳಿದಾಗ ಮೂಗಿನ ಮೇಲೆ ಕರಿ ಗೆರೆ. ಅತ್ತೆ ಸೆರಗಿನಿಂದ ಒರೆಸಲು ಹೋದರೆ, "ಇರ್ಲಿ ಆಯಿ, ರೈಲಿನ ಗುರ್ತು" ಎಂದಳು. ಅಲ್ಲಿಯ ತನಕ ಎಲ್ಲ ಚೆನ್ನಾಗಿತ್ತು. ಇಂಥ ದಿನ ನಮಗೆ ಇನ್ನೊಂದು ಸಿಗಲಿಕ್ಕಿಲ್ಲ ಅಂದುಕೊಂಡೆ.

ಮೈದಾನದ ಬಾಗಿಲಲ್ಲೇ ಎರಡು ಆಳೆತ್ತರದ ಡೈನೋಸಾರ್ ನಿಂತಿತ್ತು. ಅದರ ದವಡೆ ತೆರೆದು ಮುಚ್ಚಿದಾಗ ಹೊಟ್ಟೆಯೊಳಗಿನಿಂದ ಧ್ವನಿಪೆಟ್ಟಿಗೆ ಗರ್ಜಿಸುತ್ತಿತ್ತು. ಮಗಳು ಒಂದೊಂದರ ಹೆಸರು ಹೇಳುತ್ತ, ಯಾವುದು ಸೊಪ್ಪು ತಿನ್ನುವುದು, ಯಾವುದು ಮಾಂಸ ತಿನ್ನುವುದು ಎಂದು ವಿವರಿಸುತ್ತ ಮುಂದೆ ನಡೆದಳು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಉದ್ದ ಕುತ್ತಿಗೆಯ ಒಂದನ್ನು ಬಾಲದಿಂದ ತಲೆಯ ತನಕ ನೋಡಿ, "ಯಪ್ಪಾ, ಇದರ ಸೆಗಣಿ ಬಳ್ಯಾಕ ಎಷ್ಟ ಆಳ ಬೇಕಾಗಿತ್ತೋ" ಅಂದಳು. ಪಕ್ಕದಲ್ಲಿದ್ದವರು ನಕ್ಕರು. ಊಟ ಮಾಡೋಣ ಎಂದು ನಾನು ಅಂದೆ. ಮಗಳು ಆಗಲೇ ಮರಳಿನ ಕಡೆ ಓಡಿದ್ದಳು.

ಅದೇ ಆ ಪ್ರದರ್ಶನದ ದೊಡ್ಡ ಆಕರ್ಷಣೆ. ಇಟ್ಟಂಗಿ ಕಟ್ಟಿದ ದೊಡ್ಡ ಚೌಕದ ತುಂಬ ಮರಳು. ಮರಳಿನೊಳಗೆ ಪ್ಲಾಸ್ಟಿಕ್ ಎಲುಬು, ಪ್ಲಾಸ್ಟಿಕ್ ಮೊಟ್ಟೆ ಹುಗಿದಿಟ್ಟಿದ್ದರು. ಮಕ್ಕಳು ಹುಡುಕಿ ತೆಗೆಯಬೇಕು. ಮಗಳು ಕೆದರಿದಳು, ಕೆದರಿದಳು, ಏನೂ ಸಿಗಲಿಲ್ಲ. ತುಟಿ ಅದುರತೊಡಗಿತು. ಆಗ ಅತ್ತೆ ಸೀರೆ ಮೇಲಕ್ಕೆ ಸಿಗಿಸಿಕೊಂಡು ಒಳಗಿಳಿದಳು.

ಅವಳು ಇಳಿದ ರೀತಿ ನೋಡಿದರೆ ಚಚಡಿಯ ಹೊಲ ನೆನಪಾಗುತ್ತಿತ್ತು. ಶೇಂಗಾ ಕಿತ್ತಾದ ಮೇಲೆ ಮಣ್ಣಿನಲ್ಲಿ ಉಳಿದ ಕಾಯಿಗಳನ್ನು ಬಗ್ಗಿ ಆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಹಾಗೆ ಬಗ್ಗುವ ಮೊದಲು ಅವಳದೊಂದು ರೂಢಿ: ಎದೆಯ ಮೇಲಿನ ಕರಡಿಗೆ ತೂಗಾಡಿ ಮಣ್ಣಿಗೆ ತಾಗಬಾರದೆಂದು ದಾರವನ್ನು ತಿರುಗಿಸಿ ಬೆನ್ನಿನ ಮೇಲಕ್ಕೆ ಸರಿಸಿಕೊಳ್ಳುತ್ತಾಳೆ, ಮೇಲೆ ಸೆರಗು ಹೊದೆಯುತ್ತಾಳೆ. ಅಂದೂ ಹಾಗೇ ಮಾಡಿದಳು. ಎರಡೂ ಕೈ ಮರಳಿಗೆ ಹಾಕಿ ಸರಸರನೆ ಬಳಿದಳು. ಒಂದು ಮೊಟ್ಟೆ, ಇನ್ನೊಂದು ಮೊಟ್ಟೆ, ಒಂದು ತೊಡೆಯ ಎಲುಬು. ಪಕ್ಕದ ಮಕ್ಕಳೂ "ಅಮ್ಮಾ ನಂಗೊಂದು, ನಂಗೊಂದು" ಎಂದು ಮುತ್ತಿಕೊಂಡವು. ಎಲ್ಲರಿಗೂ ಸಿಗಲಿ ಎಂದು ಅವಳು ಉಳಿದ ಮೊಟ್ಟೆಗಳನ್ನು ಒಂದು ಮೂಲೆಯ ಕುಣಿಯಲ್ಲಿ ಗುಂಪಾಗಿಟ್ಟು ತೆಳ್ಳಗೆ ಮರಳು ಮುಚ್ಚಿದಳು. ಅಷ್ಟು ಖುಷಿಯಾಗಿ ಅವಳನ್ನು ನೋಡಿ ವರ್ಷಗಳಾಗಿದ್ದವು. ನಾನೂ ಮೊಬೈಲಿನಲ್ಲಿ ಫೋಟೊ ತೆಗೆಯುತ್ತ ನಿಂತೆ.

ಆಮೇಲೆ ಮರಳಿನ ಚೌಕದ ಪಕ್ಕದ ಬೇವಿನ ಮರದ ಕೆಳಗೆ ಟವೆಲ್ಲು ಹಾಸಿದೆವು. ದಿನದ ಕ್ರಮದಂತೆ ಮೊದಲು ಇಂಜೆಕ್ಷನ್. ಸೆರಗಿನ ಮರೆಯಲ್ಲಿ ಹೊಟ್ಟೆಗೆ ಚುಚ್ಚಿದೆ. ಬುತ್ತಿ ಬಿಚ್ಚಿದೆ, ರೊಟ್ಟಿಯ ಮೇಲೆ ಪಲ್ಯ ಹಾಕಿ ಅವಳ ಮುಂದಿಟ್ಟೆ. ಅವಳು ಕೈ ತೊಳೆದುಕೊಂಡಳು. ಕರಡಿಗೆಯನ್ನು ಮುಂದಕ್ಕೆ ಎಳೆದುಕೊಳ್ಳಲು ಬಲಗೈ ಬೆನ್ನಿಗೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು.

"ಇಲ್ಲಾ" ಅಂದಳು.

"ಏನಿಲ್ಲಾ?"

"ಲಿಂಗ ಇಲ್ಲ."

ಸೆರಗು ಜಾಡಿಸಿದೆ, ಸೀರೆಯ ನೆರಿಗೆ ಬಿಡಿಸಿದೆ, ಟವೆಲ್ಲು ಕೊಡವಿದೆ. ಕೊರಳಲ್ಲಿ ದಾರವೂ ಇರಲಿಲ್ಲ. ಹಳೆಯ ಗಂಟು ಸಡಿಲಾಗಿ, ದಾರದ ಸಮೇತ ಬೆನ್ನಿನಿಂದ ಜಾರಿ ಹೋಗಿದೆ. ಎದೆಯ ಮೇಲೆ ಇಲ್ಲದ್ದು ಅವಳಿಗೆ ಹೇಗೆ ಗೊತ್ತಾಗಬೇಕು? ಬೆನ್ನ ಮೇಲಿದೆ ಅಂದುಕೊಂಡಿದ್ದಾಳೆ. ಅತ್ತೆ ರೊಟ್ಟಿಯ ತಾಟನ್ನು ಎರಡೂ ಕೈಯಿಂದ ಮೆಲ್ಲಗೆ ನನ್ನ ಕಡೆ ಸರಿಸಿದಳು. ಆ ಸರಿಸಿದ ರೀತಿಯಲ್ಲೇ ನನಗೆ ಎಲ್ಲ ತಿಳಿಯಿತು.

"ಅತ್ತಿ, ಹುಡಕೂಣು. ಮೊದ್ಲ ಉಣ್ಣು."

"ಲಿಂಗ ಇಲ್ಲದ ಹೆಂಗ ಉಣ್ಣಲಿ?"

"ಇಂಜೆಕ್ಷನ್ ಹೊಟ್ಟ್ಯಾಗ ಹೋಗೇತಿ. ಅದಕ್ಕೇನ ಗೊತ್ತು ನಿನ್ನ ಲಿಂಗ ಕಳದಿದ್ದು?"

"ಅದು ನನಗ ಗೊತ್ತೈತಲ್ಲ."

ಕಾಲು ಹಿಡಿದೆ. ಬೈದೆ. ಗ್ಲುಕೋಸ್ ನೀರಾದರೂ ಕುಡಿ ಎಂದೆ. ಇಲ್ಲ. ಹುಬ್ಬಳ್ಳಿಯಲ್ಲಿ ಮಠಗಳಿಗೇನು ಕಡಿಮೆ, ಆಟೋ ತರುತ್ತೇನೆ, ಸ್ವಾಮಿಗಳ ಕೈಯಿಂದ ಹೊಸ ಲಿಂಗ ಕಟ್ಟಿಸಿಕೋ ಎಂದೆ. ಅದಕ್ಕೆ ಅವಳು ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ.

"ಗಂಡ ಎಲ್ಲೋ ತಪ್ಪಿಸ್ಕೊಂಡಾನಂದ್ರ ಹುಡಕ್ತಾರೋ, ಇನ್ನೊಂದ ಲಗ್ನಕ್ಕ ನಿಲ್ತಾರೋ?"

ಬೇರೆ ದಿನವಾದರೆ ನಕ್ಕುಬಿಡುತ್ತಿದ್ದೆ. ಅಂದು ಅವಳ ಕೆನ್ನೆಗೆ ಒಂದು ಬಾರಿಸಬೇಕು ಎನ್ನಿಸಿತು. ಹೌದು, ಅನ್ನಿಸಿತು. ಮಗಳು ರೊಟ್ಟಿ ಹಿಡಿದುಕೊಂಡು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನಾನು ಮರಳಿಗೆ ಓಡಿದೆ.

ಚೌಕದ ತುಂಬ ಮಕ್ಕಳು, ಹೊಸ ಮಕ್ಕಳು, ಕೆದರಿ ಕೆದರಿ ಎಲ್ಲವನ್ನೂ ಅದಲು ಬದಲು ಮಾಡಿದ್ದಾರೆ. ಅತ್ತೆ ಬಗ್ಗಿದ್ದ ಜಾಗ ಯಾವುದೆಂದು ನನಗೇ ತಿಳಿಯದು. ಮಂಡಿಯೂರಿ ಬಳಿದೆ. ಸಿಕ್ಕಿದ್ದು ಎಲುಬು, ಮೊಟ್ಟೆ, ಯಾರದೋ ಕೂದಲ ಕ್ಲಿಪ್ಪು, ಐಸ್‌ಕ್ರೀಂ ಕಡ್ಡಿ. ತಲೆಯ ಮೇಲೆ ಆ ದರಿದ್ರ ಡೈನೋಸಾರ್ ಗರ್ಜಿಸುತ್ತಲೇ ಇತ್ತು. ಒಬ್ಬಳಿಂದ ಆಗುವ ಕೆಲಸವಲ್ಲ ಎಂದು ಎದ್ದು ಮೈಕು ಹಿಡಿದು ಕೂತಿದ್ದವನ ಬಳಿಗೆ ಹೋದೆ. ಬೆಳ್ಳಿಯ ಸಾಮಾನು ಎಂದರೆ ಸಿಕ್ಕವರು ಕಿಸೆಗೆ ಹಾಕಿಕೊಂಡಾರು ಎಂಬ ಹೆದರಿಕೆ. ಬೆಳ್ಳಿಯ ಮಾತು ಎತ್ತಲಿಲ್ಲ.

"ನಮ್ಮತ್ತಿ ಲಿಂಗ ಕಳದೈತ್ರಿ. ಮರಳಾಗ ಬಿದ್ದೈತಿ. ಸಕ್ಕರಿ ಪೇಷಂಟ್ ಅದಾರ್ರಿ, ಇಂಜೆಕ್ಷನ್ ಆಗೇತಿ, ಲಿಂಗ ಸಿಗದ ಉಣ್ಣಂಗಿಲ್ಲ ಅಂತ ಕುಂತಾರ್ರಿ. ಅಷ್ಟ ಹೇಳ್ರಿ."

ಅವನು ಹಿಂದಕ್ಕೆ ತಿರುಗಿ, "ಮಷಿನ್ ಬಂದ್ ಮಾಡ್ರೋ" ಎಂದು ಕೂಗಿದ. ಗರ್ಜನೆ ನಿಂತಿತು. ಡೈನೋಸಾರುಗಳು ಬಾಯಿ ತೆರೆದದ್ದು ತೆರೆದ ಹಾಗೆ, ಕುತ್ತಿಗೆ ತಿರುಗಿಸಿದ್ದು ತಿರುಗಿಸಿದ ಹಾಗೆ ನಿಂತವು. ಅವನು ನಾನು ಹೇಳಿದ್ದನ್ನು ಹಾಗೇ ಹೇಳಿದ, ಎರಡು ಸಲ.

ಅವನ ಮಾತು ಮುಗಿಯುವ ಮೊದಲೇ ಮೈದಾನದ ತುಂಬ ಎಷ್ಟೋ ಜನರ ಕೈ ತಮ್ಮ ತಮ್ಮ ಎದೆಗೆ ಹೋಯಿತು. ಪ್ಯಾಂಟು ಶರ್ಟಿನವರು, ಚೂಡಿದಾರದ ಹುಡುಗಿಯರು, ಮುದುಕರು. ಅಂಗಿಯ ಮೇಲಿನಿಂದಲೇ ಒಮ್ಮೆ ಮುಟ್ಟಿ ನೋಡಿಕೊಂಡರು. ನನ್ನ ಕೈಯೂ ಹೋಯಿತು. ನನಗೆ ಸಿಕ್ಕಿದ್ದು ತಾಳಿ ಮಾತ್ರ. ಆಮೇಲೆ ಜನ ಚಪ್ಪಲಿ ಕಳಚಿಟ್ಟು ಮರಳಿಗೆ ಇಳಿಯತೊಡಗಿದರು. ಮಕ್ಕಳನ್ನು ಎತ್ತಿ ಹೊರಗೆ ನಿಲ್ಲಿಸಿ, ದೊಡ್ಡವರು ಸಾಲು ಹಿಡಿದು, ಕಳೆ ಕೀಳುವ ಹಾಗೆ ಒಂದು ಕಡೆಯಿಂದ ಬಳಿಯುತ್ತ ಬಂದರು. ಲಿಂಗ ತಮ್ಮ ದೇವರಲ್ಲದ ಒಂದು ಕುಟುಂಬವೂ ಆ ಸಾಲಿನಲ್ಲಿತ್ತು. ಬುರ್ಖಾದ ಹೆಣ್ಣುಮಗಳೊಬ್ಬಳು ತೋಳು ಮಡಚಿ ಬಳಿಯುತ್ತಿದ್ದಳು. ನನಗೆ ಅಳು ಬಂತು, ಆದರೆ ಅಳಲು ಪುರುಸೊತ್ತಿರಲಿಲ್ಲ.

ಮರದ ಕೆಳಗೆ ಅತ್ತೆಯ ಹಣೆ ಬೆವರತೊಡಗಿತ್ತು.

ಬೇಸಿಗೆಯ ಬೆವರಲ್ಲ ಅದು, ಮುಟ್ಟಿದರೆ ತಣ್ಣಗಿತ್ತು. ಬೆರಳು ನಡುಗುತ್ತಿದ್ದವು. ಯಾರೋ ಅಂಬ್ಯುಲೆನ್ಸಿಗೆ ಫೋನ್ ಮಾಡಿದರು, ಬರುತ್ತಿದೆ ಎಂದರು. ನಾನು ಗ್ಲುಕೋಸ್ ಕಲಸಿದ ಗ್ಲಾಸು ಅವಳ ತುಟಿಗೆ ಹಿಡಿದೆ. ಹಲ್ಲು ಕಚ್ಚಿಕೊಂಡಳು. ನೀರು ಗದ್ದದ ಮೇಲಿಂದ ಇಳಿದು ಕುಪ್ಪಸ ತೋಯ್ದಿತು. ಅವಳು ನನ್ನ ಮುಖ ನೋಡಿ, ಬಹಳ ಮೆತ್ತಗೆ, ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದಳು:

"ಅವ್ವಾ, ಬಾವಿ ನೀರ ಬಳದ್ರೇನ?"

ಅವಳು ಹುಬ್ಬಳ್ಳಿಯಲ್ಲಿರಲಿಲ್ಲ. ಹೂಲಿಗೆ ಹೋಗಿಬಿಟ್ಟಿದ್ದಳು.

"ಬಳದ್ರು. ಲಿಂಗ ಸಿಕ್ತು. ಬಾಯಿ ತೆರಿ" ಅಂದೆ. ಆ ಹೊತ್ತಿನಲ್ಲಿ ಯಾವ ಸುಳ್ಳು ಹೇಳಲೂ ನಾನು ಸಿದ್ಧ.

"ಕೊಡು" ಎಂದು ಎಡ ಅಂಗೈ ಚಾಚಿದಳು.

ಅದರಲ್ಲಿಡಲು ನನ್ನ ಹತ್ತಿರ ಏನೂ ಇಲ್ಲ. ಮಗಳು ನನ್ನನ್ನೊಮ್ಮೆ ನೋಡಿದಳು. ಆಮೇಲೆ ತನ್ನ ಚೀಲದಿಂದ ಹಸಿರು ಡೈನೋಸಾರ್ ತೆಗೆದು, ಅದರ ಹಣೆಯನ್ನು ಫ್ರಾಕಿನಿಂದ ಒರೆಸಿ, ಆಯಿಯ ಅಂಗೈಯಲ್ಲಿ ಇಟ್ಟಳು. ಅತ್ತೆಯ ಬೆರಳು ಅದರ ಮೇಲೆ ಮುಚ್ಚಿಕೊಂಡವು, ಬಾಲವನ್ನು ಸವರಿದವು, ತೆರೆದುಕೊಂಡವು.

"ಇದಲ್ಲ ಕೂಸ" ಅಂದಳು. ಅಷ್ಟಾದ ಮೇಲೆ ಕಣ್ಣು ಮೇಲಕ್ಕೆ ಹೊರಳಿ ನನ್ನ ಭುಜದ ಮೇಲೆ ಒರಗಿದಳು.

ನೀರಿನಂಥದ್ದನ್ನು ಈಗ ಹಾಕಿದರೆ ಶ್ವಾಸಕ್ಕೆ ಹೋದೀತು ಎಂಬಷ್ಟು ಬುದ್ಧಿ ಉಳಿದಿತ್ತು. ಪುಡಿಯನ್ನು ಅಂಗೈಗೆ ಸುರಿದು, ನಾಲ್ಕು ಹನಿ ನೀರು ಹಾಕಿ, ಅಂಟಾಗಿ ಕಲಸಿ, ಬೆರಳಿಗೆ ಹಚ್ಚಿಕೊಂಡೆ. ಹಿಂದೆ ನಿಂತಿದ್ದ ಒಬ್ಬ ಮುದುಕಿ, "ಯವ್ವಾ, ಲಿಂಗ ಇಲ್ಲದಾಕಿಗೆ ತಿನಿಸಬಾರ್ದವ್ವಾ, ವ್ರತಾ ಕೆಡತೈತಿ" ಅಂದಳು.

"ಸತ್ರ ನೀವ ಹೊರತೀರೇನ್ರಿ?" ಎಂದು ನಾನು ಕಿರುಚಿದೆ. ಮುದುಕಿ ಹಿಂದೆ ಸರಿದಳು. ಪಾಪ, ಆಕೆ ತನಗೆ ಗೊತ್ತಿದ್ದದ್ದನ್ನು ಹೇಳಿದ್ದಳು.

ಅತ್ತೆಯ ಹಲ್ಲಿನ ಸಂದಿಯಿಂದ ಬೆರಳು ತೂರಿಸಿ ಕೆನ್ನೆಯ ಒಳಗೆ ಹಚ್ಚಿದೆ. ಅವಳ ದವಡೆ ಬಿಗಿಯಿತು. ಎಲುಬಿಗೆ ತಾಗುವ ಹಾಗೆ ಕಚ್ಚಿದಳು. ಎಚ್ಚರವಿಲ್ಲದಾಗಲೂ ಬೇಡ ಎಂದೇ ಕಚ್ಚಿದಳೋ, ಬರೀ ದೇಹ ಕಚ್ಚಿತೋ, ನನಗೆ ಗೊತ್ತಿಲ್ಲ. ಬೆರಳು ಹೊರಗೆಳೆಯಲಿಲ್ಲ. ದವಡೆ ಸಡಿಲಾದಾಗ ಇನ್ನಷ್ಟು ಹಚ್ಚಿದೆ, ಮತ್ತೆ ಇನ್ನಷ್ಟು. ಅವಳು ಒಪ್ಪಿರಲಿಲ್ಲ. ನಾನು ಮತ್ತೊಮ್ಮೆ ಕೇಳಲಿಲ್ಲ. ನನ್ನ ಅಪ್ಪ ತೀರಿಕೊಂಡ ದಿನ ಕೂಡ ನಾನು ದೇವರನ್ನು ಅಷ್ಟು ಕರೆದಿರಲಿಲ್ಲ. ಜಗಲಿಯ ಮೇಲೆ ಡಬ್ಬಿಯಲ್ಲಿ ಕೂತ ನನ್ನ ಲಿಂಗವನ್ನೂ ಕರೆದೆ, ಇಷ್ಟು ದಿನ ಮಾತಾಡಿಸದೆ ಬಿಟ್ಟ ನೆಂಟರನ್ನು ಕಷ್ಟಕ್ಕೆ ಕರೆಯುವ ಹಾಗೆ.

ಎಷ್ಟು ಹೊತ್ತು ಹಾಗೆ ಕುಳಿತೆನೋ. ಮೊದಲು ರೆಪ್ಪೆ ಅಲುಗಿತು. ಆಮೇಲೆ ನಾಲಿಗೆ ನನ್ನ ಬೆರಳನ್ನು ತಳ್ಳಿತು. ಅವಳು ಕಣ್ಣು ಬಿಟ್ಟು, ಮೇಲೆ ಬೇವಿನ ಎಲೆಗಳನ್ನೂ ಎಲೆಗಳ ಆಚೆ ಬಾಯಿ ತೆರೆದು ನಿಂತ ಡೈನೋಸಾರನ್ನೂ ನೋಡಿದಳು. "ಇದಿನ್ನೂ ಇಲ್ಲೇ ಐತೇನ" ಅಂದಳು.

ಅದೇ ಹೊತ್ತಿಗೆ ಮರಳಿನ ಕಡೆಯಿಂದ ಕೂಗು ಬಂತು. ಎಲ್ಲರಿಗೂ ಸಿಗಲಿ ಎಂದು ಅತ್ತೆ ಮೂಲೆಯಲ್ಲಿ ಗುಂಪು ಹಾಕಿದ್ದಳಲ್ಲ, ಆ ಮೊಟ್ಟೆಗಳ ನಡುವೆಯೇ ಕರಡಿಗೆ ಬಿದ್ದಿತ್ತು. ಎಷ್ಟೋ ಕೈಗಳು ಅದರ ಮೇಲೆ ಹಾದು ಹೋಗಿರಬೇಕು, ಇದೂ ಒಂದು ಮೊಟ್ಟೆ ಎಂದು. ಸಿಕ್ಕವನು ಅದನ್ನು ಬರಿಗೈಯಲ್ಲಿ ಎತ್ತಲಿಲ್ಲ. ಕರ್ಚೀಫು ಹರಡಿ ಅದರಲ್ಲಿಟ್ಟುಕೊಂಡು, ಎರಡೂ ಕೈಯಿಂದ ಹಣೆಯೆತ್ತರಕ್ಕೆ ಹಿಡಿದು ಬಂದ. ಮರಳಲ್ಲಿದ್ದವರು ಎದ್ದು ದಾರಿ ಬಿಟ್ಟರು. ಮೈಕಿನವನು ಉಮೇದಿಯಲ್ಲಿ ಮಷಿನ್ ಹಚ್ಚಿಸಿದನೇನೋ, ಡೈನೋಸಾರ್ ಒಮ್ಮೆಲೇ ಗರ್ಜಿಸಿ ಎಲ್ಲರೂ ಬೆಚ್ಚಿಬಿದ್ದು ನಕ್ಕರು. ನಾನು ನಗಲಿಲ್ಲ. ಇನ್ನೊಂದಿಷ್ಟು ಮೊದಲೇ ಸಿಕ್ಕಿದ್ದರೆ ಏನಾಗುತ್ತಿತ್ತು ನಿನಗೆ ಎಂದು ಆ ಬೆಳ್ಳಿಯ ಮೊಟ್ಟೆಯನ್ನೇ ಬೈದೆ.

ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಅತ್ತಳು. ನನ್ನ ಭುಜಕ್ಕೆ ಒರಗಿಯೇ ಕರಡಿಗೆ ಬಿಚ್ಚಿ, ಒಳಗಿನದು ಸರಿಯಾಗಿದೆ ಎಂದು ಕಂಡು, ಅಂಗೈಯಲ್ಲಿಟ್ಟುಕೊಂಡು ನೀರು ಹನಿಸಿ, ರೊಟ್ಟಿಯನ್ನು ತೋರಿಸಿ, ಮೊಸರು ಹಚ್ಚಿಕೊಂಡು ತಿಂದಳು. ಅಂಬ್ಯುಲೆನ್ಸಿನವರು ಬಂದು ಬೆರಳು ಚುಚ್ಚಿ ನೋಡಿ, ಈಗ ಅಡ್ಡಿಯಿಲ್ಲ, ಆದರೆ ಊರಿಗೆ ಹೋದ ಮೇಲೆ ಡಾಕ್ಟರಿಗೆ ತೋರಿಸಲೇಬೇಕು ಎಂದರು. ನನ್ನ ಬೆರಳಿಗೆ ನಾನು ಕರ್ಚೀಫು ಸುತ್ತಿಕೊಂಡೆ. ಯಾರೂ ಕೇಳಲಿಲ್ಲ.

ಹಿಂದಿರುಗುವ ರೈಲಿನಲ್ಲಿ ಅತ್ತೆಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎದುರಿಗೆ ಕೂತ ಹೆಂಗಸರಿಗೆ ಅವಳು ಕಥೆ ಹೇಳತೊಡಗಿದಳು. ಮುಖದ ಮೇಲೆ ಆ ಹಳೆಯ ಹೊಳಪು ಬಂದಿತ್ತು.

"ನೀರ ಹನಿ ಮುಟ್ಟಲಿಲ್ಲ ನೋಡ್ರಿ. ಎಚ್ಚರ ತಪ್ಪಿತು, ಆದ್ರೂ ಮುಟ್ಟಲಿಲ್ಲ. ಕಣ್ಣ ತೆರದ್ರ ಬಾಯೆಲ್ಲಾ ಸಿಹಿ! ಆಮ್ಯಾಲ ಲಿಂಗ ಬಂತು ಕೈಗೆ. ಬರೂದಕಿಂತ ಮೊದ್ಲ ಅಂವನ ಬಂದು ಉಣಿಸಿ ಹೋಗ್ಯಾನ್ರಿ."

ಹೆಂಗಸರು ಕೈ ಮುಗಿದರು. ಹೂಲಿಯ ಬಾವಿಯ ಕಥೆಯ ಪಕ್ಕದಲ್ಲಿ ಇನ್ನೊಂದು ಕಥೆ ಹುಟ್ಟುತ್ತಿತ್ತು, ನನ್ನ ಕಣ್ಣೆದುರಿಗೇ. ಹುಟ್ಟಲಿ ಎಂದು ನಾನು ಕಿಟಕಿಯ ಹೊರಗೆ ನೋಡಿದೆ. ಆ ಹೊಳಪನ್ನು ಕಿತ್ತುಕೊಂಡು ನನಗೇನಾಗಬೇಕಿತ್ತು?

"ಆಯಿ, ಅಂವ ಅಲ್ಲ" ಎಂದಳು ಮಗಳು. ಡೈನೋಸಾರುಗಳ ಹೆಸರು ತಪ್ಪು ಹೇಳಿದರೆ ತಿದ್ದುತ್ತಾಳಲ್ಲ, ಅದೇ ದನಿ. "ಮಮ್ಮಿ ಗ್ಲುಕೋಸ್ ಹಚ್ಚಿದ್ಲು. ನೀ ಮಮ್ಮಿ ಬಟ್ಟ ಕಡದಿ."

ಎದುರಿನ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡಿದರು. ಅತ್ತೆ ನನ್ನ ಕೈ ಎಳೆದುಕೊಂಡಳು. ಕರ್ಚೀಫು ಬಿಚ್ಚಿದಳು. ಬೆರಳ ಮೇಲೆ ಸಾಲಾಗಿ ಅವಳ ಹಲ್ಲಿನ ಗುರುತು, ಒಂದು ಹಲ್ಲು ಬಿದ್ದುಹೋದ ಕಡೆ ಖಾಲಿ ಜಾಗ. ನೋಡಿದಳು. ಆಮೇಲೆ ಕರ್ಚೀಫನ್ನು ಮತ್ತೆ ಸುತ್ತಿ, ಗಂಟು ಹಾಕಿ, ನನ್ನ ಕೈಯನ್ನು ನನ್ನ ತೊಡೆಯ ಮೇಲಿಟ್ಟು, ಕಿಟಕಿಗೆ ತಲೆಯಾನಿಸಿದಳು. ಹೊಳಪು ಹೋಗಿತ್ತು. ಮುಖ ಒಮ್ಮೆಲೇ ಹತ್ತು ವರ್ಷ ಮುದಿಯಾದ ಹಾಗಿತ್ತು.

ಧಾರವಾಡದಲ್ಲಿ ಇಳಿದು ಬಸ್ಸು ಹತ್ತಿದೆವು. ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಸಂಜೆಯ ಇಂಜೆಕ್ಷನ್ ಹೊತ್ತು ಹತ್ತಿರವಾಗುತ್ತಿದೆ. ವ್ರತ ಕೆಟ್ಟಿತು, ಪ್ರಾಯಶ್ಚಿತ್ತಕ್ಕೆ ಉಪವಾಸ ಎಂದು ಇವಳು ಹಟ ಹಿಡಿದರೆ? ಇಂದಲ್ಲ ನಾಳೆ, ನಾಳೆಯಲ್ಲ ನಾಡಿದ್ದು? ಹಗಲು ಅವಳನ್ನು ಉಳಿಸಿಕೊಂಡದ್ದು ಸಂಜೆ ಕಳೆದುಕೊಳ್ಳಲಿಕ್ಕೇನೋ ಎನ್ನಿಸಿ ಬಸ್ಸಿನಲ್ಲೇ ಬಿಕ್ಕಬೇಕಾಯಿತು. ದೇವರು ಕ್ಷಮಿಸಿಯಾನು. ಇವಳು ತನ್ನನ್ನು ತಾನು ಕ್ಷಮಿಸಬೇಕಲ್ಲ.

ಕಿತ್ತೂರು ದಾಟಿದ ಮೇಲೆ ಅವಳು ಮುಖ ತಿರುಗಿಸದೆ ಕೇಳಿದಳು.

"ಹಾಕೂ ಮುಂಚೆ ನನ್ನ ಕೇಳಿದ್ಯೇನ?"

"ಕೇಳಿದ್ನಿ."

"ನಾ ಏನಂದೆ?"

"ಒಲ್ಲೆ ಅಂದಿ."

"ಅಂದಿರತೇನಿ." ಸೆರಗಿನ ಒಳಗೆ ಅವಳ ಕೈ ಕರಡಿಗೆಯನ್ನು ಮುಟ್ಟಿ, ಹೊಸದಾಗಿ ಬಿಗಿದ ಗಂಟನ್ನು ಒಮ್ಮೆ ಎಳೆದು ನೋಡಿತು. ಹೊರಗೆ ಕಬ್ಬಿನ ಹೊಲಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಕಂಡಕ್ಟರ್ ಟಿಕೀಟು ಕೇಳುತ್ತ ಬಂದು ಹೋದ. ಆಮೇಲೆ ಅವಳು ಕರ್ಚೀಫು ಸುತ್ತಿದ ನನ್ನ ಬೆರಳನ್ನು ತನ್ನ ಮುಷ್ಟಿಯೊಳಗೆ ಹಿಡಿದುಕೊಂಡಳು.

"ಇನ್ನೊಮ್ಮೆ ಹಂಗಾತಂದ್ರ ನನ್ನ ಕೇಳಬ್ಯಾಡ" ಅಂದಳು. "ಕೇಳಿದ್ರ ನಾ ಒಲ್ಲೆ ಅಂತೇನಿ."